ಸ್ಪೇರ್ ಹುಡುಕುವ ಮುನ್ನ ನಂಬರ್ ಓದಿ
ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿಕ್ಕಮಗಳೂರು, ಹಾಸನದ ಕಡೆಯವು. ಹಳೆಯ ಎಸ್ಟೇಟುಗಳ ಶೆಡ್ಡಿನಿಂದ ಹೊರಬಂದ, ಟಾಪ್ ಮಡಚುವ ಬ್ರಿಟಿಷ್ ಕಾರುಗಳ ವಿಚಾರವೇ ಜಾಸ್ತಿ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರ: ಮೋರಿಸ್ ಮೈನರ್ ಕನ್ವರ್ಟಿಬಲ್ ಒಂದನ್ನು ಹೊಸದಾಗಿ ತಗೊಂಡಿದ್ದೇನೆ. ಆರ್‌ಸಿಯಲ್ಲಿ 1957 ಎಂದಿದೆ. ಆ ವರ್ಷ ಹೇಳಿಯೇ ಬ್ರೇಕ್ ಶೂ, ಕ್ಲಚ್ ಪ್ಲೇಟ್ ತರಿಸಿದೆ. ಶೂ ಸರಿಯಾಗಿ ಕೂತಿತು, ಕ್ಲಚ್ ಪ್ಲೇಟ್ ಚಿಕ್ಕದಾಯಿತು. ಅಂಗಡಿಯವರು ತಪ್ಪು ಕಳಿಸಿದರೋ, ನಾನೇ ತಪ್ಪು ಹೇಳಿದೆನೋ? ಇನ್ನೂ ಬೇಕಾದಷ್ಟು ಸಾಮಾನು ತರಿಸುವುದಿದೆ.
– ಓದುಗರು, ಆಲ್ದೂರು

ಉ: ಇಬ್ಬರದೂ ತಪ್ಪಿಲ್ಲ. ನಿಮ್ಮ ಗಾಡಿಯ ಬಾಡಿ ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು ಇರುವ ಹಾಗಿದೆ. 1957ರ ಮೈನರ್ 1000ಕ್ಕೆ ಬರಬೇಕಾದ್ದು 948 ಸಿಸಿ ಎಂಜಿನ್. ಅದರ ಕ್ಲಚ್ ಆರೂಕಾಲು ಇಂಚು. 1962ರಿಂದ ಬಂದ 1098 ಸಿಸಿ ಎಂಜಿನ್ನಿಗೆ ಏಳೂಕಾಲು ಇಂಚಿನ ಕ್ಲಚ್. ಯಾರೋ ಹಿಂದೊಮ್ಮೆ ದೊಡ್ಡ ಎಂಜಿನ್ ಕೂರಿಸಿದ್ದಾರೆ, ಬ್ರೇಕ್ ಮುಟ್ಟಿಲ್ಲ. 1098ರ ಕಾರುಗಳಿಗೆ ಮುಂದಿನ ಡ್ರಮ್ 8 ಇಂಚು, ಅದಕ್ಕೆ ಮೊದಲಿನವಕ್ಕೆ 7 ಇಂಚು. 7 ಇಂಚಿನ ಶೂ ನಿಮಗೆ ಹಿಡಿಸಿದ್ದು ಅದಕ್ಕೇ.

ಮಲೆನಾಡಿನ ಗಾಡಿಗಳಲ್ಲಿ ಇದು ಮಾಮೂಲು. ಘಟ್ಟ ಹತ್ತಲು ಕಸುವು ಸಾಲದೆ ಎಂಜಿನ್ ಬದಲಿಸಿರುತ್ತಾರೆ, ಗೇರ್‌ಬಾಕ್ಸೂ ಜೊತೆಯಲ್ಲೇ ಬಂದಿರುತ್ತದೆ. ಗೇರ್‌ಬಾಕ್ಸಿನ ಹೊರಮೈ ನೋಡಿ: ನುಣುಪಾಗಿದ್ದರೆ 948ರದ್ದು, ಪಕ್ಕೆಲುಬಿನಂತೆ ಏಣುಗಳಿದ್ದರೆ 1098ರದ್ದು. ಹಾಗಾಗಿ ಆರ್‌ಸಿಯ ವರ್ಷ ಹಿಡಿದು ಸ್ಪೇರ್ ತರಿಸುವುದನ್ನು ಇವತ್ತೇ ನಿಲ್ಲಿಸಿ. ಎಂಜಿನ್ ಸಾಮಾನನ್ನು ಎಂಜಿನ್ ನಂಬರ್ ನೋಡಿ, ಬ್ರೇಕ್, ಸಸ್ಪೆನ್ಷನ್, ಬಾಡಿ ಸಾಮಾನನ್ನು ಕಾರ್ಖಾನೆ ಕೊಟ್ಟ ಕಾರಿನ ನಂಬರ್ (ರಿಜಿಸ್ಟ್ರೇಷನ್ ನಂಬರ್ ಅಲ್ಲ) ನೋಡಿ, ಕರೆಂಟಿನ ಸಾಮಾನನ್ನು ಆಯಾ ಸಾಮಾನಿನ ಮೇಲೆ ಒತ್ತಿರುವ ನಂಬರ್ ನೋಡಿ ತರಿಸಬೇಕು.

ಎಂಜಿನ್ ನಂಬರಿನ ತಗಡು ಬ್ಲಾಕಿನ ಬಲಮಗ್ಗುಲಲ್ಲಿ, ಡೈನಮೋ ಬ್ರಾಕೆಟ್ಟಿನ ಮೇಲಿರುತ್ತದೆ. ಎಣ್ಣೆ ಮಣ್ಣು ಸೇರಿ ಕರಟಿರುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಒತ್ತಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನಂಬರಿನ ಮೊದಲು ‘ಎಪಿಎಚ್‌ಎಂ’ ಇದ್ದರೆ 803 ಸಿಸಿ, ‘ಎಪಿಜೆಎಂ’ ಅಥವಾ ‘9ಎಂ’ ಇದ್ದರೆ 948, ‘10ಎಂಎ’ ಇದ್ದರೆ 1098. ‘ಯುಎಸ್‌ಎಚ್‌ಎಂ’ ಕಂಡರೆ ಅದು 1948ರಿಂದ 1953ರವರೆಗಿನ ಎಂಎಂ ಸೀರೀಸಿನ 918 ಸಿಸಿ ಸೈಡ್‌ವಾಲ್ವ್ ಎಂಜಿನ್. ಮಿಕ್ಕ ಮೂರಕ್ಕೂ ಅದಕ್ಕೂ ಸಂಬಂಧವಿಲ್ಲ, ಒಂದು ಗ್ಯಾಸ್ಕೆಟ್ಟೂ ಹೊಂದುವುದಿಲ್ಲ.

ಕಾರಿನ ನಂಬರಿನ ತಗಡು ಬಾನೆಟ್ ಅಡಿ, ಎಂಜಿನ್ ಹಿಂದಿನ ಗೋಡೆಯ ಮೇಲಿದೆ. ಅದರ ಚಿತ್ರ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೆಯ ಕಾರ್ಖಾನೆ ದಾಖಲೆಗಳಿಂದ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಶುಲ್ಕ ಕಟ್ಟಿ ಆ ನಂಬರ್ ಕೊಟ್ಟರೆ ಕಾರು ತಯಾರಾದ ದಿನ, ಮೊದಲಿನ ಬಣ್ಣ, ಮೊದಲಿನ ಎಂಜಿನ್ ನಂಬರ್ ದಾಖಲೆಯಲ್ಲಿ ಇದ್ದಷ್ಟು ಸಿಗುತ್ತದೆ. ಸ್ಪೇರಿಗೆ ಒಂದು ರೂಪಾಯಿ ಹಾಕುವ ಮೊದಲು ಮಾಡಬೇಕಾದ ಖರ್ಚು ಇದು.

ಕರೆಂಟಿನ ಸಾಮಾನಿನ ಪತ್ತೆ ಇನ್ನೂ ಸುಲಭ. ಡೈನಮೋ, ಸೆಲ್ಫ್, ಡಿಸ್ಟ್ರಿಬ್ಯೂಟರ್ ಎಲ್ಲದರ ಮೇಲೂ ಅವನ್ನು ತಯಾರಿಸಿದ ಲ್ಯೂಕಸ್ ಕಂಪನಿಯವರು ಪಾರ್ಟ್ ನಂಬರ್ ಜೊತೆಗೆ ತಿಂಗಳು, ವರ್ಷ ಒತ್ತಿದ್ದಾರೆ. ‘7 56’ ಎಂದಿದ್ದರೆ 1956ರ ಜುಲೈ. ಆ ತಾರೀಕು ಕಾರು ತಯಾರಾದ ದಿನಕ್ಕಿಂತ ಕೆಲವು ತಿಂಗಳು ಹಿಂದಿನದಾಗಿದ್ದರೆ ಅದು ಕಾರಿನ ಜೊತೆಗೇ ಹುಟ್ಟಿದ್ದು. ಕೆಟ್ಟಿದ್ದರೂ ಎಸೆಯಬೇಡಿ, ವೈಂಡಿಂಗ್ ಮಾಡಿಸಿ, ಬುಷ್ ಹಾಕಿಸಿ. ತಾರೀಕು ಐದಾರು ವರ್ಷ ಈಚಿನದಾದರೆ ಮಧ್ಯೆ ಯಾರೋ ಬದಲಿಸಿದ್ದು. ಸ್ಮಿತ್ಸ್ ಸ್ಪೀಡೋಮೀಟರಿನ ಮುಖದ ಕೆಳಗೆ ಸಣ್ಣ ಅಕ್ಷರದಲ್ಲಿ ಪಾರ್ಟ್ ನಂಬರ್ ಜೊತೆ ಇನ್ನೊಂದು ಅಂಕಿ ಇರುತ್ತದೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ ಅದು. ಬೇರೆ ಮೀಟರ್ ಕೊಂಡರೆ ಅದೇ ಅಂಕಿ ಇರಬೇಕು, ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಎಸ್‌ಯು ಕಾರ್ಬುರೇಟರ್ ರಿಪೇರಿ ಕಿಟ್ ತರಿಸುವಾಗಲೂ ಎಂಜಿನ್ನನ್ನೇ ಹೇಳಿ. 948ಕ್ಕೆ ಎಚ್2 ಮಾದರಿ, ಪೆಟ್ರೋಲಿನ ಅಳತೆ ಹಿಡಿಯುವ ಅದರ ಸೂಜಿ ‘ಎಂ’. 1098ಕ್ಕೆ ಎಚ್‌ಎಸ್2, ಸೂಜಿ ‘ಎಎನ್’. ಅಕ್ಷರ ಸೂಜಿಯ ದಪ್ಪ ತುದಿಯಲ್ಲಿ ಕೊರೆದಿರುತ್ತದೆ, ಕಾರ್ಬುರೇಟರಿನ ಪಿಸ್ಟನ್ನಿನಿಂದ ಬಿಚ್ಚಿದರೆ ಮಾತ್ರ ಕಾಣುತ್ತದೆ. ತಪ್ಪು ಸೂಜಿ ಹಾಕಿದರೆ ಐಡ್ಲಿಂಗ್ ಚೆನ್ನಾಗಿಯೇ ಇರುತ್ತದೆ. ಚಾರ್ಮಾಡಿ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ ಒತ್ತಿದಾಗ ಕೆಮ್ಮತೊಡಗುತ್ತದೆ. ಮೆಕ್ಯಾನಿಕ್ಕು ಆಗ ಪ್ಲಗ್, ಕಾಯಿಲ್, ಪಂಪ್ ಎಲ್ಲ ಬದಲಿಸಿ ಸುಸ್ತಾಗುತ್ತಾನೆ.

ಇನ್ನು ನಟ್ಟು ಬೋಲ್ಟು. ಎಂಜಿನ್ನಿನ ಹೆಚ್ಚಿನ ಬೋಲ್ಟುಗಳು ಯುಎನ್‌ಎಫ್ ಎಂಬ ಇಂಚಿನ ಅಳತೆಯ ಥ್ರೆಡ್ಡಿನವು, ಸ್ಪ್ಯಾನರ್ ಸಹ ಇಂಚಿನದು. ಅರ್ಧ ಇಂಚು ಎಂದರೆ 12.7 ಮಿ.ಮೀ. ಹದಿಮೂರರ ಸ್ಪ್ಯಾನರ್ ಹಿಡಿಯುತ್ತದೆ, ಗಟ್ಟಿ ಇದ್ದರೆ ಮೂಲೆ ಸವೆಸುತ್ತದೆ. ಒಂಬತ್ತು ಹದಿನಾರಾಂಶ ಇಂಚಿನ ತಲೆ 14.3 ಮಿ.ಮೀ., ಅದಕ್ಕೆ ಹದಿನಾಲ್ಕು ಹೋಗುವುದಿಲ್ಲ, ಹದಿನೈದು ಜಾರುತ್ತದೆ. ದೊಡ್ಡ ಅಪಾಯ ಐದು ಹದಿನಾರಾಂಶದ ಬೋಲ್ಟಿನದು: ಅದರ ದಪ್ಪ 7.94 ಮಿ.ಮೀ., ನಮ್ಮ ಅಂಗಡಿಯ 8 ಮಿ.ಮೀ. ಬೋಲ್ಟು ಕಣ್ಣಿಗೆ ಥೇಟ್ ಅದೇ. ಕೈಯಲ್ಲಿ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಸ್ಪ್ಯಾನರ್ ಹಾಕಿದರೆ ಬ್ಲಾಕಿನ ಥ್ರೆಡ್ಡೇ ಹೋಗುತ್ತದೆ. ಕಾರ್ಬುರೇಟರ್ ಮತ್ತು ಲ್ಯೂಕಸ್ ಸಾಮಾನಿನ ಸಣ್ಣ ಸ್ಕ್ರೂಗಳು ಬಿಎ ಎಂಬ ಹಳೆಯ ಬ್ರಿಟಿಷ್ ಥ್ರೆಡ್ಡಿನವು, ಮೆಟ್ರಿಕ್ಕಿನಲ್ಲಿ ಜೋಡಿ ಇಲ್ಲ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಹೆಸರು ಬರೆದ ಪೊಟ್ಟಣದಲ್ಲಿ ಕಟ್ಟಿಡಿ.

ಎಲ್ಲಿ ಹುಡುಕಬೇಕು ಎಂಬುದಕ್ಕೆ: ಬೇರಿಂಗ್, ಆಯಿಲ್ ಸೀಲ್, ಫ್ಯಾನ್ ಬೆಲ್ಟ್‌ಗಳಿಗೆ ಬೆಂಗಳೂರಿನ ಜೆ.ಸಿ. ರೋಡ್ ಸಾಕು, ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ. ಬಂಪರ್, ಲೈಟಿನ ರಿಮ್, ಬಾಗಿಲ ಹಿಡಿ ಇಂಥವಕ್ಕೆ ಚೆನ್ನೈನ ಪುದುಪೇಟೆ ಒಮ್ಮೆ ಸುತ್ತಬಹುದು. ಮಿಕ್ಕದ್ದಕ್ಕೆ ಇಂಗ್ಲೆಂಡೇ ಗತಿ. ಮೈನರ್‌ಗಾಗಿಯೇ ಇರುವ ಸ್ಪೇರ್ ಅಂಗಡಿಗಳು ಅಲ್ಲಿ ಇವತ್ತಿಗೂ ನಡೆಯುತ್ತಿವೆ. ಬಿಡಿಬಿಡಿಯಾಗಿ ತರಿಸಿದರೆ ಸಾಗಣೆಯ ಖರ್ಚೇ ಸಾಮಾನಿನ ಬೆಲೆ ಮೀರುತ್ತದೆ. ಪಟ್ಟಿ ಮಾಡಿ ಒಂದೇ ಪಾರ್ಸೆಲ್ ತರಿಸಿ, ಬಿಲ್ಲಿನಲ್ಲಿ ಪ್ರತಿ ಸಾಮಾನಿನ ಹೆಸರು, ಬೆಲೆ ಬಿಡಿಯಾಗಿ ಬರೆಸಿ. ‘ಕಾರ್ ಸಾಮಾನು’ ಎಂದಷ್ಟೇ ಬರೆದ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಕೂತುಬಿಡುತ್ತದೆ.

ಪ್ರ: ನಾನು ನೋಡಿಟ್ಟಿರುವ ಮೈನರ್ ಕಾರ್ಖಾನೆಯಿಂದಲೇ ಕನ್ವರ್ಟಿಬಲ್ ಆಗಿ ಬಂದದ್ದೋ, ಮಾಮೂಲಿ ಕಾರಿನ ಛಾವಣಿ ಕೊಯ್ದದ್ದೋ ತಿಳಿಯುವುದು ಹೇಗೆ? ಬಾಗಿಲು ಮೇಲ್ಭಾಗದಲ್ಲಿ ಉಜ್ಜುತ್ತದೆ. ಕೀಲು ಸರಿ ಮಾಡಿದರೆ ಸಾಕು ಎನ್ನುತ್ತಿದ್ದಾರೆ.
– ಓದುಗರು, ಮೂಡಿಗೆರೆ

ಉ: ಕೀಲಿನ ಮಾತು ನಂಬಬೇಡಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಛಾವಣಿ ಇಲ್ಲದ ಮೇಲೆ ಭಾರವೆಲ್ಲ ಬಾಗಿಲ ಕೆಳಗಿನ ಸಿಲ್ ಮೇಲೆ. ಸಿಲ್ ತುಕ್ಕು ಹಿಡಿದರೆ ಕಾರು ನಡುವೆ ಕುಗ್ಗುತ್ತದೆ, ಮುಂದಿನ ಹಿಂದಿನ ಕಂಬಗಳು ಮೇಲ್ತುದಿಯಲ್ಲಿ ಹತ್ತಿರ ಬರುತ್ತವೆ, ಬಾಗಿಲು ಮೇಲೆ ಉಜ್ಜಿ ಕೆಳಗೆ ಸಂದು ಬಿಡುತ್ತದೆ. ನೀವು ಬರೆದಿರುವುದು ಅದೇ ಲಕ್ಷಣ. ಖಚಿತ ಮಾಡಿಕೊಳ್ಳಲು ಕಾರು ಚಕ್ರದ ಮೇಲೆ ನಿಂತಿರುವಾಗ ಬಾಗಿಲ ಹಿಂದಿನ ಸಂದನ್ನು ಮೇಲೆ, ಕೆಳಗೆ ಅಳೆದು ಬರೆದುಕೊಳ್ಳಿ. ಆಮೇಲೆ ಮಧ್ಯದ ಜಾಕ್ ಪಾಯಿಂಟಿನಲ್ಲಿ ಎತ್ತಿ ಮತ್ತೆ ಅಳೆಯಿರಿ. ಸಂದು ಬರಿಗಣ್ಣಿಗೆ ಕಾಣುವಷ್ಟು ಬದಲಾದರೆ ಸಿಲ್ ಹೋಗಿದೆ. ಜಾಕ್ ಇಟ್ಟ ಜಾಗವೇ ಕುಸಿದರೆ ಅಳತೆಯ ಅಗತ್ಯವೂ ಇಲ್ಲ.

ಅಸಲಿಯೋ ಅಲ್ಲವೋ ಎಂಬುದಕ್ಕೆ ಮೊದಲು ನಂಬರ್ ತಗಡು ನೋಡಿ. 1952ರಿಂದ 1958ರ ಸುಮಾರಿನವರೆಗಿನ ಕಾರುಗಳಲ್ಲಿ ಮೊದಲ ಅಕ್ಷರ ‘ಎಫ್’ ಎಂದರೆ ಮೈನರ್, ಎರಡನೆಯದು ‘ಸಿ’ ಎಂದರೆ ಕನ್ವರ್ಟಿಬಲ್. ಅದರ ನಂತರದವುಗಳಲ್ಲಿ ‘ಎಂಎಟಿ’ ಎಂದು ಶುರುವಾಗಬೇಕು. ‘ಎಂಎ2ಎಸ್’ ಇದ್ದರೆ ಅದು ಎರಡು ಬಾಗಿಲ ಮಾಮೂಲಿ ಕಾರು. ತಗಡು ಬದಲಿಸುವುದು ಎರಡು ರಿವೆಟ್ಟಿನ ಕೆಲಸ, ಹಾಗಾಗಿ ಲೋಹವನ್ನೂ ನೋಡಿ. ಕಾರ್ಖಾನೆಯವರು ಬಾಗಿಲ ಕಂಬದ ಬುಡದಲ್ಲಿ ತ್ರಿಕೋನದ ಬೆಂಬಲ ತಗಡು, ಡ್ಯಾಶ್‌ಬೋರ್ಡಿನ ಅಡಿ ಹೆಚ್ಚುವರಿ ಬಲದ ಪಟ್ಟಿ ಕೊಟ್ಟಿದ್ದರು. ಛಾವಣಿ ಕೊಯ್ದವರು ಇದನ್ನು ಬಿಟ್ಟಿರುತ್ತಾರೆ, ಇಲ್ಲವೇ ಉದ್ದುದ್ದ ವೆಲ್ಡ್ ಎಳೆದಿರುತ್ತಾರೆ. ಕಾರ್ಖಾನೆಯದು ಸಾಲಾಗಿ ಕೂತ ಚುಕ್ಕಿ ವೆಲ್ಡ್. ಕಂಬದ ಬುಡದ ಮ್ಯಾಟ್ ಎತ್ತಿ ಬೆರಳಾಡಿಸಿದರೆ ಗೊತ್ತಾಗುತ್ತದೆ.

ಕೊಂಡದ್ದೇ ಆದರೆ ಸಿಲ್ ಕೊಯ್ಯುವ ಮೊದಲು ಎರಡೂ ಬದಿಯ ಮುಂದಿನ ಮತ್ತು ಹಿಂದಿನ ಕಂಬಗಳ ನಡುವೆ ಚೌಕ ಪೈಪು ಅಡ್ಡ ವೆಲ್ಡ್ ಮಾಡಿಸಿ, ಎಡಬಲ ಕಂಬಗಳಿಗೂ ಒಂದು ಅಡ್ಡಪೈಪು ಕೊಡಿಸಿ. ಕಾರು ಸಮತಟ್ಟು ನೆಲದಲ್ಲಿ ಚಕ್ರದ ಮೇಲೇ ಇರಲಿ. ಒಂದು ಬದಿ ಪೂರ್ತಿ ಮುಗಿದ ಮೇಲೆ ಇನ್ನೊಂದು ಬದಿ. ನಾಲ್ಕು ಕಡೆ ಟಾಕಾ ಹಾಕಿ, ಬಾಗಿಲು ತೂಗುಹಾಕಿ ಮುಚ್ಚಿ ನೋಡಿ, ಆಮೇಲೆ ಪೂರ್ತಿ ವೆಲ್ಡ್. ತಗಡು 1.2 ಮಿ.ಮೀ.ಗಿಂತ ತೆಳು ಬೇಡ. ಬಾಗಿಲು ಬಿಚ್ಚಿಟ್ಟು ಸಿಲ್ ಹಾಕಿದ ಟಿಂಕರಿಂಗ್‌ನವರಿಂದ ಕುಗ್ಗಿದ ಕಾರು ಕುಗ್ಗಿದ ಆಕಾರದಲ್ಲೇ ಶಾಶ್ವತವಾಗಿ ಗಟ್ಟಿಯಾಗುತ್ತದೆ.

ಸೀಟಿನ ಕೆಳಗೆ ಅಡ್ಡ ಹೋಗುವ ಮೆಂಬರ್ ಕೂಡ ಸುತ್ತಿಗೆಯಿಂದ ತಟ್ಟಿ ನೋಡಿ. ಮುಂದಿನ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಶನ್ ಬಾರಿನ ಹಿಂದಿನ ತುದಿ ನೆಟ್ಟಿರುವುದು ಅಲ್ಲೇ. ಬಾರ್ ಬಿಚ್ಚಿದರೆ ಎಡ ಬಲ ಗುರುತು ಮಾಡಿಡಿ. ತಿರುಚುವ ದಿಕ್ಕಿಗೆ ತಕ್ಕಂತೆ ಪಳಗಿಸಿದ ಉಕ್ಕು ಅದು, ಅದಲು ಬದಲು ಹಾಕಬಾರದು.

ಪ್ರ: ಅಂಬಾಸಿಡರ್ ಸಾಮಾನು ಮೈನರ್‌ಗೆ ಆಗುತ್ತದೆ, ಎರಡೂ ಮೋರಿಸ್ ತಾನೆ ಎನ್ನುತ್ತಾರೆ. ನಿಜವೇ?
– ಓದುಗರು, ಅರಸೀಕೆರೆ

ಉ: ಎಂಜಿನ್ ಸಾಮಾನು ಆಗುವುದಿಲ್ಲ. ಅಂಬಾಸಿಡರಿನ 1489 ಸಿಸಿ ಎಂಜಿನ್ ಬಿ ಸೀರೀಸ್ ಎಂಬ ಬೇರೆ ವಂಶದ್ದು, ಮೈನರ್‌ನದು (918 ಬಿಟ್ಟು) ಎ ಸೀರೀಸ್. ಆಗುವುದೆಂದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಂಡೆನ್ಸರು, ರೋಟರು. ಅದೂ ಎರಡೂ ಡಿಸ್ಟ್ರಿಬ್ಯೂಟರಿನ ಮೇಲೆ ‘25ಡಿ4’ ಎಂಬ ಮಾದರಿ ನಂಬರ್ ಇದ್ದರೆ ಮಾತ್ರ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇಡಿ. ಟೈರು ಸಹ ಬೇರೆ: ಮೈನರ್ ರಿಮ್ 14 ಇಂಚು. ಅಂಗಡಿಯಲ್ಲಿ 14 ಎಂದರೆ 155/65 ಕೊಡುತ್ತಾರೆ. ಅದರ ಎತ್ತರ 557 ಮಿ.ಮೀ. ನಿಮಗೆ ಬೇಕಾದ್ದು 145/80, ಅದು 588. ಗಿಡ್ಡ ಟೈರ್ ಹಾಕಿದರೆ ಕಾಫಿ ತೋಟದ ದಾರಿಯಲ್ಲಿ ಹೊಟ್ಟೆ ನೆಲಕ್ಕೆ ತಾಗುತ್ತದೆ, ಸ್ಪೀಡೋಮೀಟರೂ ಜಾಸ್ತಿ ತೋರಿಸುತ್ತದೆ.

ಪ್ರ: ಇಂಗ್ಲೆಂಡಿನಿಂದ ಸೀಲ್ ಒಡೆಯದ, ಆ ಕಾಲದ್ದೇ ಬ್ರೇಕ್ ಕಿಟ್ ತರಿಸಿ ಹಾಕಿಸಿದೆ. ಹದಿನೈದೇ ದಿನಕ್ಕೆ ಸೋರಲು ಶುರುವಾಯಿತು. ಒರಿಜಿನಲ್ ಸಾಮಾನು ಹೀಗಾಗುವುದುಂಟೆ?
– ಓದುಗರು, ಹಾಸನ

ಉ: ಒರಿಜಿನಲ್ ಆದ್ದರಿಂದಲೇ ಹೀಗಾಯಿತು. ಪೊಟ್ಟಣದೊಳಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬ್ರೇಕ್ ಸಿಲಿಂಡರಿನೊಳಗೆ ಸೀಲಿನ ಕೆಲಸ ಮಾಡುವ ರಬ್ಬರ್ ಕಪ್ಪು (ಕಪ್) ಅರವತ್ತು ವರ್ಷ ಕೂತಿದ್ದರೆ ನೋಡಲು ಹೊಸದು, ಅದರ ತುಟಿ ಮಾತ್ರ ಗಡುಸು. ಒತ್ತಡ ಬಿದ್ದಾಗ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುವುದಿಲ್ಲ. ಬ್ರೇಕ್ ಕಪ್ಪು, ಹೋಸು, ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಎಂದೂ ಹಳೆಯ ಸ್ಟಾಕ್ ಕೊಳ್ಳಬಾರದು. ಹಳೆಯ ಬ್ರೇಕ್ ಶೂ ಕೂಡ ಬೇಡ, ಆ ಕಾಲದ ಲೈನಿಂಗಿನಲ್ಲಿ ಕಲ್ನಾರು ಇದೆ. ಡ್ರಮ್ ಬಿಚ್ಚಿದಾಗ ಗಾಳಿ ಹೊಡೆದು ಧೂಳು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಸ್ಟಾಕ್ ಕೊಳ್ಳುವಂಥದ್ದು ಲೋಹ, ಗಾಜು, ಬೇಕಲೈಟ್: ಲೈಟಿನ ಗಾಜು, ಸ್ವಿಚ್ಚು, ಬ್ಯಾಡ್ಜು, ಗೇರು.

ಹೊಸ ಕಪ್ಪು ಹಾಕುವ ಮೊದಲು ಸಿಲಿಂಡರಿನ ಒಳಮೈಯನ್ನು ಟಾರ್ಚ್ ಬಿಟ್ಟು ನೋಡಿ. ಉಗುರಿಗೆ ಸಿಕ್ಕುವ ಗುಳಿ ಇದ್ದರೆ ಹೋನಿಂಗ್ (ಒಳಮೈ ಉಜ್ಜಿ ನುಣುಪು ಮಾಡುವುದು) ಸಾಲದು, ಸ್ಟೀಲ್ ಸ್ಲೀವ್ ಹಾಕಿಸಿ ಅಥವಾ ಸಿಲಿಂಡರ್ ಬದಲಿಸಿ. ಜೋಡಿಸುವಾಗ ಬ್ರೇಕ್ ಆಯಿಲನ್ನೇ ಸವರಿ, ಗ್ರೀಸ್ ಅಥವಾ ಎಂಜಿನ್ ಆಯಿಲ್ ತಾಗಿದರೆ ರಬ್ಬರ್ ಉಬ್ಬುತ್ತದೆ. ಡಾಟ್ 3 ಅಥವಾ 4 ಬ್ರೇಕ್ ಆಯಿಲ್ ಹಾಕಿ.

ನಿಮ್ಮದು ಮೈನರ್ ಆದರೆ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿ, ಚಾಸಿ ಮೆಂಬರಿನೊಳಗೆ ಕೂತಿದೆ. ಅದರ ಬೋಲ್ಟು ಹೊರಗೆಳೆಯಲು ಟಾರ್ಶನ್ ಬಾರ್ ಅಡ್ಡ ಬರುತ್ತದೆ, ಬಾರನ್ನು ಪಕ್ಕಕ್ಕೆ ಸರಿಸದೆ ಬೋಲ್ಟು ಪೂರ್ತಿ ಬರುವುದಿಲ್ಲ. ಮತ್ತೆ ಹಾಕುವಾಗ ಬೋಲ್ಟುಗಳನ್ನು ತಲೆಕೆಳಗು ಮಾಡಿ, ನಟ್ಟು ಬಾರಿನ ಕಡೆ ಬರುವಂತೆ ಹಾಕಿಬಿಟ್ಟರೆ ಮುಂದಿನ ಸಲ ಈ ಪಾಡಿಲ್ಲ.

ಪ್ರ: ನಮ್ಮದು ಟ್ರಯಂಫ್ ಹೆರಾಲ್ಡ್ ಕನ್ವರ್ಟಿಬಲ್. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಎಡಚಕ್ರದಲ್ಲಿ ಕಿರ್ ಎನ್ನುತ್ತದೆ. ಪ್ರತಿ ಸರ್ವಿಸ್‌ಗೂ ಗ್ರೀಸ್ ಹೊಡೆಸುತ್ತೇವೆ.
– ಓದುಗರು, ಸಕಲೇಶಪುರ

ಉ: ಗ್ರೀಸ್ ಹೊಡೆಸುವುದೇ ತೊಂದರೆ. ಹೆರಾಲ್ಡಿನ ಮುಂದಿನ ಚಕ್ರದ ಬುಡದಲ್ಲಿ ಹಿತ್ತಾಳೆ ಬಣ್ಣದ ಟ್ರನಿಯನ್ ಎಂಬ ಕೀಲು ಇದೆ, ಅದರೊಳಗೆ ಉಕ್ಕಿನ ವರ್ಟಿಕಲ್ ಲಿಂಕ್ ಥ್ರೆಡ್ಡಿನಲ್ಲಿ ತಿರುಗುತ್ತದೆ. ಇದಕ್ಕೆ ಬೇಕಾದ್ದು ಇಪಿ 90 ಗೇರ್ ಆಯಿಲ್. ಗ್ರೀಸು ಥ್ರೆಡ್ಡಿನ ತಳಕ್ಕೆ ಇಳಿಯುವುದಿಲ್ಲ, ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ರಬ್ಬರ್ ಸೀಲು ಹರಿದಿದ್ದರೆ ಮಳೆನೀರು ಒಳಗಿಳಿದು ಉಕ್ಕು ತುಕ್ಕು ತಿಂದು ತೆಳುವಾಗುತ್ತದೆ. ಕೊನೆಗೆ ಲಿಂಕ್ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಶಿರಾಡಿ ಘಾಟಿಯಲ್ಲಿ ಆಗಬಾರದ ಕೆಲಸ. ಸದ್ದು ಬಂದಿರುವುದರಿಂದ ಬಿಚ್ಚಿ ನೋಡುವವರೆಗೆ ಕಾರು ಓಡಿಸಬೇಡಿ.

ಲಿಂಕಿನ ಥ್ರೆಡ್ಡಿನಲ್ಲಿ ಗುಳಿ ಅಥವಾ ಸವೆದ ಮೆಟ್ಟಿಲು ಕಂಡರೆ ಲಿಂಕ್, ಟ್ರನಿಯನ್ ಎರಡೂ ಹೊಸದು ಹಾಕಿ. ಲೇತಿನಲ್ಲಿ ವೆಲ್ಡ್ ತುಂಬಿ ಥ್ರೆಡ್ ತೆಗೆಸುವ ಕೆಲಸ ಇಲ್ಲಿ ಬೇಡವೇ ಬೇಡ. ತರಿಸುವಾಗ ಎಡ ಬಲ ಹೇಳಬೇಕು: ಎಡಗಡೆಯದು ಎಡ ಥ್ರೆಡ್, ಬಲಗಡೆಯದು ಬಲ ಥ್ರೆಡ್. ಪೂರ್ತಿ ಒಳಗೆ ತಿರುಗಿಸಿ, ಎರಡೂ ಬದಿಗೆ ಸ್ಟೇರಿಂಗ್ ಪೂರ್ತಿ ಹೊರಳುವಷ್ಟು ಮಾತ್ರ ಹಿಂದಕ್ಕೆ ಬಿಡಿ. ಪ್ಲಗ್ ತೆಗೆದು ನಿಪ್ಪಲ್ ಹಾಕಿ, ಗ್ರೀಸ್ ಗನ್ನಿಗೆ ಗೇರ್ ಆಯಿಲ್ ತುಂಬಿ, ಮೇಲಿನ ಸೀಲಿನಲ್ಲಿ ಎಣ್ಣೆ ಒಸರುವವರೆಗೆ ಹೊಡೆಯಿರಿ. ಪುಸ್ತಕದ ಲೆಕ್ಕ 6,000 ಮೈಲಿಗೊಮ್ಮೆ. ನಮ್ಮ ಮಳೆಗೆ ಜೂನಿಗೆ ಮೊದಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಹೊಡೆಸಿ.

ಹೆರಾಲ್ಡಿನ ಛಾವಣಿ ಬೋಲ್ಟಿನಲ್ಲಿ ಕೂರುವಂಥದ್ದು, ಹಾಗಾಗಿ ಮಾಮೂಲಿ ಕಾರು ಕನ್ವರ್ಟಿಬಲ್ ಆಗುವುದು ಇಲ್ಲಿ ಇನ್ನೂ ಸುಲಭ. ಇಂಗ್ಲೆಂಡಿನಲ್ಲಿ ತಯಾರಾದದ್ದಾದರೆ ಕಮಿಷನ್ ನಂಬರಿನ (ಟ್ರಯಂಫ್ ಕಾರ್ಖಾನೆ ಕೊಟ್ಟ ಕಾರಿನ ನಂಬರ್) ಕೊನೆಗೆ ‘ಸಿವಿ’ ಇರಬೇಕು.

ಪ್ರ: ಟಾಪಿನ ಬಟ್ಟೆ ಪ್ರತಿ ಮಳೆಗಾಲ ಬೂಸ್ಟು ಹಿಡಿಯುತ್ತದೆ. ಹೊಸದು ಹೊಲಿಸುವುದಾದರೆ ಯಾವ ಬಟ್ಟೆ?
– ಓದುಗರು, ಬಾಳೆಹೊನ್ನೂರು

ಉ: ಓಡಿಸುವ ಗಾಡಿಯಾದರೆ ಒಳಗೆ ಬಟ್ಟೆಯ ಪದರ ಇರುವ ವಿನೈಲ್. ಪ್ರದರ್ಶನಕ್ಕಾದರೆ ಮೊದಲಿನ ಬಟ್ಟೆ ಯಾವುದೆಂದು ಪತ್ತೆ ಮಾಡಿ: ಫ್ರೇಮಿಗೆ ಮೊಳೆ ಹೊಡೆದ ಪಟ್ಟಿಯ ಅಡಿಯಲ್ಲಿ ಹಳೆಯ ಬಟ್ಟೆಯ ಚೂರು ಸಿಕ್ಕಿಕೊಂಡಿರುತ್ತದೆ, ಬಿಸಿಲು ಕಾಣದ್ದರಿಂದ ಬಣ್ಣವೂ ಹಾಗೇ ಉಳಿದಿರುತ್ತದೆ. ಕುಶನ್ ಅಂಗಡಿಯವರು ಅದನ್ನು ಕಿತ್ತೆಸೆಯುವ ಮೊದಲು ನೀವು ತೆಗೆದಿಟ್ಟುಕೊಳ್ಳಿ. ಹೊಸ ಟಾಪನ್ನು ಒಳ್ಳೆಯ ಬಿಸಿಲಿರುವ ದಿನವೇ ಎಳೆದು ಕೂರಿಸಿ. ಆಷಾಢದ ಥಂಡಿಯಲ್ಲಿ ಬಿಗಿದ ಟಾಪು ಬೇಸಿಗೆಯಲ್ಲಿ ಜೋತುಬೀಳುತ್ತದೆ. ಪಾಲಿಯೆಸ್ಟರ್ ದಾರದ ಹೊಲಿಗೆ ತೂತಿನಲ್ಲಿ ನೀರು ಇಳಿಯುತ್ತದೆ, ಒಳಗಿನಿಂದ ಸೀಲರ್ ಹಚ್ಚಿಸಿ. ಬೂಸ್ಟಿಗೆ ಬ್ಲೀಚ್ ಹಾಕಿದರೆ ದಾರ ಸಾಯುತ್ತದೆ, ಸೋಪಿನ ನೀರು ಸಾಕು. ಒದ್ದೆ ಟಾಪು ಮಡಚಿಡಬೇಡಿ.

ಪ್ರ: ಬ್ಯಾಟರಿ ಹೊಸದು ಹಾಕಿದ ದಿನವೇ ಫೋನ್ ಚಾರ್ಜರ್, ಎಲ್‌ಇಡಿ ಎರಡೂ ಸುಟ್ಟವು. ಜೊತೆಗೆ ಪೆಟ್ರೋಲ್ ಪೈಪು ಮೆತ್ತಗಾಗಿದೆ.
– ಓದುಗರು, ಕೊಪ್ಪ

ಉ: ಈ ಕಾಲದ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಿನವು ಪಾಸಿಟಿವ್ ಅರ್ಥ್. ಮೈನರ್ ಕೊನೆಯವರೆಗೂ ಹಾಗೇ. ಬ್ಯಾಟರಿಯ ಪ್ಲಸ್ ತಂತಿ ಬಾಡಿಗೆ ಹೋಗಬೇಕು. ಹಾಗೆಯೇ ಸರಿಯಾಗಿ ಜೋಡಿಸಿದ್ದರೂ ಇವತ್ತಿನ ಚಾರ್ಜರ್, ಎಲ್‌ಇಡಿ ಉಲ್ಟಾ ಕರೆಂಟಿಗೆ ಸುಡುತ್ತವೆ. ಪಾಸಿಟಿವ್ ಅರ್ಥ್‌ಗೆಂದೇ ಮಾಡಿದ ಬಲ್ಬ್ ತರಿಸಿ. ಪೈಪು ಮೆತ್ತಗಾಗಲು ಕಾರಣ ಪೆಟ್ರೋಲಿನ ಎಥನಾಲ್. ‘ಆರ್9’ ಎಂದು ಅಚ್ಚಾಗಿರುವ ಹೋಸ್ ಹಾಕಿ. ಮಳೆಗಾಲದಲ್ಲಿ ಎರಡು ಮೂರು ತಿಂಗಳು ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಬೌಲ್ ಎರಡೂ ಖಾಲಿ ಮಾಡಿ. ಎಥನಾಲ್ ನೀರು ಹೀರಿ ತಳಕ್ಕೆ ಇಳಿದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಪ್ರ: ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿದರೆ ಹಳೆಯ ಮೈಸೂರು ರಾಜ್ಯದ ನಂಬರ್ ಹೋಗುತ್ತದೆಯೇ? ಎಂಜಿನ್ ಬದಲಾಗಿದ್ದರೆ ತೊಂದರೆಯೇ?
– ಓದುಗರು, ಚಿಕ್ಕಮಗಳೂರು

ಉ: 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಈಗಾಗಲೇ ನೋಂದಣಿ ಇರುವ ಗಾಡಿ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು; ಹೊಸದಾಗಿ ಕೊಡುವ ನಂಬರಿಗೆ ಮಾತ್ರ ‘ವಿಎ’ ಸರಣಿ. ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ. ಮರುನೋಂದಣಿಗೆ 5,000 ರೂ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥ ಕೆಲಸಕ್ಕೆ ಓಡಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ. ಆರ್‌ಸಿಯ ಎಂಜಿನ್ ನಂಬರಿಗೂ ಬ್ಲಾಕಿನ ನಂಬರಿಗೂ ತಾಳೆ ಇಲ್ಲದಿದ್ದರೆ ಅರ್ಜಿ ಹಾಕುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಕಿತ್ತಿಟ್ಟ ಹಳೆಯ ಎಂಜಿನ್ ಎಸ್ಟೇಟಿನ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೆ, ಗುಜರಿಯವರು ತೂಕಕ್ಕೆ ಒಯ್ಯುವ ಮೊದಲು ಕೊಂಡು ತಂದಿಟ್ಟುಕೊಳ್ಳಿ.